ಮಿಸ್ರಿ ಲೆಕ್ಕಕ್ಕಿಲ್ಲ

ನಮ್ಮ ಅತ್ತೆ ಚಮನಬೀ ವಾರಕ್ಕೊಮ್ಮೆ ಮಿಸ್ರಿ ಹುರಿಯುತ್ತಾರೆ. ಅಂಗಡಿಯಿಂದ ತಂದ ತಂಬಾಕಿನ ಎಲೆಯನ್ನು ರೊಟ್ಟಿ ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಕುಟ್ಟಿ, ತೆಳು ಅರಿವೆಯಲ್ಲಿ ಸೋಸಿ, ಮುಖಕ್ಕೆ ಹಚ್ಚುವ ಸ್ನೋದ ಹಳೆಯ ಡಬ್ಬಿಯಲ್ಲಿ ತುಂಬಿಡುತ್ತಾರೆ. ಆ ಘಾಟಿಗೆ ಓಣಿಯ ಅರ್ಧ ಜನ ಸೀನುತ್ತಾರೆ. ಉಳಿದ ಅರ್ಧ ಜನ ತಮಗೂ ಒಂದು ಚಿಟಿಕೆ ಸಿಕ್ಕೀತೆಂದು ಬಂದು ಕೂಡುತ್ತಾರೆ. ನಾನು ಮದುವೆಯಾಗಿ ಸುರಪುರದಿಂದ ಶಹಾಪುರಕ್ಕೆ ಬಂದ ಹೊಸತರಲ್ಲಿ ಒಂದು ದಿನ ಹಲ್ಲು ನೋಯುತ್ತದೆ ಎಂದೆ. ಅತ್ತೆ ನನ್ನ ತೋರುಬೆರಳಿಗೆ ಮಿಸ್ರಿ ಹಚ್ಚಿ, ಒಸಡಿಗೆ ತಿಕ್ಕು ಎಂದರು. ತಲೆ ಗಿರ್ರೆಂದಿತು, ಹಲ್ಲುನೋವು ಹೋಯಿತು. ನೋವು ಹೋದರೂ ಮಿಸ್ರಿ ಹೋಗಲಿಲ್ಲ. ಹನ್ನೊಂದು ವರ್ಷವಾಯಿತು.

ಮಿಸ್ರಿ ಆಗುವುದು ತಂಬಾಕಿನಿಂದ ಎಂದು ಗೊತ್ತಿಲ್ಲದ ಹೆಂಗಸು ನಮ್ಮ ಕಡೆ ಯಾರೂ ಇಲ್ಲ. ಆದರೆ ರೊಟ್ಟಿಯನ್ನು ಯಾರಾದರೂ ಜೋಳ ಎನ್ನುತ್ತಾರೆಯೇ? ಹಾಗೆಯೇ ಇದೂ. ತಂಬಾಕು ಗಂಡಸರದು, ಸುಣ್ಣ ಹಾಕಿ ಅಂಗೈಯಲ್ಲಿ ತಿಕ್ಕಿ ತುಟಿಯೊಳಗೆ ಇಟ್ಟುಕೊಂಡು ಕಂಡ ಕಂಡ ಗೋಡೆಗೆ ಉಗುಳುವುದು. ಮಿಸ್ರಿ ಹೆಂಗಸರ ಹಲ್ಲುಪುಡಿ. ಬೆಳಗಿನ ಚಹಾ ಆದ ಮೇಲೆ ಕಟ್ಟೆಯ ಮೇಲೆ ಕೂತು, ಬೆರಳು ಬಾಯಲ್ಲಿಟ್ಟು, ಅರ್ಧ ತಾಸು ಯಾರಿಗೂ ಉತ್ತರ ಕೊಡದೆ ಇರುವ ಸುಖ ಅದು. ಆ ಅರ್ಧ ತಾಸು ನಮ್ಮನ್ನು ಗಂಡಂದಿರೂ ಕರೆಯುವುದಿಲ್ಲ.

ಈ ಸಲ ಹತ್ತಿ ಬಿಡಿಸುವ ದಿನಗಳಲ್ಲಿ ಆ ಅರ್ಧ ತಾಸನ್ನು ನಾನು ಓದಿಗೆ ಕೊಟ್ಟಿದ್ದೆ. ಜೀವವಿಮೆ ಏಜೆಂಟರ ಪರೀಕ್ಷೆ. ಐವತ್ತು ಪ್ರಶ್ನೆ, ಒಂದು ತಾಸು, ಕಂಪ್ಯೂಟರಿನ ಮುಂದೆ ಕೂತು ಉತ್ತರ ಒತ್ತಬೇಕು. ಹದಿನೆಂಟು ಸರಿಯಾದರೆ ಪಾಸು. ಕೇಂದ್ರ ಕಲಬುರಗಿಯಲ್ಲಿ. ಪಾಸಾದರೆ ಲೈಸೆನ್ಸು, ಅದರ ಜೊತೆಗೆ ನನ್ನದೇ ಹೆಸರಿನ ಒಂದು ಕೋಡ್ ನಂಬರು. ಆ ನಂಬರಿಗಾಗಿ ನಾನು ನಾಲ್ಕು ವರ್ಷ ಕಾದಿದ್ದೆ.

ಕಾಯಿಸಿದವನ ಹೆಸರು ಶ್ರೀಮಂತ. ಸಗರ ಊರಿನವನು, ಹಳೆಯ ಏಜೆಂಟು, ನನ್ನ ಗಂಡ ಫಿರೋಜನ ಗೆಳೆಯ. ಫಿರೋಜನ ಮೋಟರ್ ವೈಂಡಿಂಗ್ ಅಂಗಡಿಯ ಪಕ್ಕದ ಖೋಲಿಯೇ ಅವನ ಆಫೀಸು. ಅವನಿಗೆ ಮಾತು ಬರುತ್ತದೆ, ಬರಹ ಬರುವುದಿಲ್ಲ. ಅವನ ಅಕ್ಷರ ಕೋಳಿ ಕೆದರಿದ ಹಾಗೆ. ನಾನು ಪಿಯುಸಿ ಓದಿದವಳು, ಅಕ್ಷರ ದುಂಡಗೆ. ಹಾಗಾಗಿ ಅವನು ಊರೂರು ತಿರುಗಿ ಜನರನ್ನು ಒಪ್ಪಿಸುತ್ತಿದ್ದ, ನಾನು ಫಾರ್ಮು ತುಂಬುತ್ತಿದ್ದೆ, ಕೆಳಗೆ ಅವನು ಸಹಿ ಹಾಕುತ್ತಿದ್ದ. ಊರಿನ ಹೆಂಗಸರು ಮಾತ್ರ ನನ್ನನ್ನೇ ಏಜೆಂಟಳೆಂದು ತಿಳಿದಿದ್ದರು. ‘ಅಂಬರೀನ ಬರೆದ ಕಾಗದ’ ಎಂದರೆ ಅವರಿಗೆ ಅದು ಮುಗಿದ ಮಾತು. ಇದೇ ನನಗೆ ಉರಿಯುತ್ತಿದ್ದದ್ದು. ನಂಬಿಕೆ ನನ್ನದು, ನಂಬರು ಅವನದು. ಕಡೆಗೆ ಬೇಸತ್ತು ನಾನೇ ಗಂಟು ಬಿದ್ದೆ. ಶ್ರೀಮಂತ ಕಂಪನಿಯ ಸಾಹೇಬರಿಗೆ ನನ್ನ ಹೆಸರು ಹೇಳಿ ಪರೀಕ್ಷೆಗೆ ಕಟ್ಟಿಸಿದ.

ಓದುವ ಪುಸ್ತಕ ಕನ್ನಡದಲ್ಲೇ ಇತ್ತು. ಆದರೆ ಅದು ಯಾವ ಊರಿನ ಕನ್ನಡವೋ ದೇವರಿಗೇ ಗೊತ್ತು. ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ ಒಂದೊಂದು ಸಾಲು. ದಿನಾ ನಾಲ್ಕು ಪುಟ ಎಂದು ಲೆಕ್ಕ ಇಟ್ಟುಕೊಂಡು, ಬಾಯಲ್ಲಿ ಬೆರಳು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ಪರೀಕ್ಷೆಗೆ ಇಪ್ಪತ್ತೆರಡು ದಿನ ಇದ್ದಾಗ ‘ಮಹತ್ವದ ಸಂಗತಿಗಳು’ ಎಂಬ ಪಾಠಕ್ಕೆ ಬಂದೆ. ವಿಮೆ ಮಾಡಿಸುವವರು ತಮ್ಮ ಆರೋಗ್ಯದ ಬಗ್ಗೆ ಏನನ್ನೂ ಮುಚ್ಚಿಡಬಾರದು, ಕೇಳಿದ್ದಕ್ಕೆ ನಿಜ ಹೇಳಬೇಕು. ಮೂರು ವರ್ಷದೊಳಗೆ ಸುಳ್ಳು ಸಿಕ್ಕಿಬಿದ್ದರೆ ಕಂಪನಿ ಪಾಲಿಸಿಯನ್ನು ರದ್ದು ಮಾಡಬಹುದು. ಮೂರು ವರ್ಷ ದಾಟಿದ ಮೇಲೆ ಪ್ರಶ್ನೆ ಮಾಡುವಂತಿಲ್ಲ. ಅದರ ಕೆಳಗೆ ಉದಾಹರಣೆಗಳು. ತಂಬಾಕು ಎಂದರೆ ಯಾವುದೇ ರೂಪದ ತಂಬಾಕು: ಸೇದುವುದು, ಅಗಿಯುವುದು, ಮೂಗಿಗೇರಿಸುವುದು, ಹಲ್ಲಿಗೆ ತಿಕ್ಕುವುದು.

ಹಲ್ಲಿಗೆ ತಿಕ್ಕುವುದು. ನಾನು ಮೆಲ್ಲಗೆ ಬೆರಳನ್ನು ಬಾಯಿಂದ ತೆಗೆದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದರೆ ಇದೇ. ಮೊದಲು ನಗು ಬಂತು. ಅತ್ತೆಗೆ ಓದಿ ಹೇಳಿದೆ. ಪುಸ್ತಕ ಬರೆದವನ ತಾಯಿಗೆ ಹಲ್ಲುನೋವು ಬಂದಿರಲಿಕ್ಕಿಲ್ಲ ಎಂದು ಅವರು ಬೆರಳು ತೆಗೆಯದೆಯೇ ಹೇಳಿದರು. ಆಮೇಲೆ ಫಾರ್ಮಿನ ಹನ್ನೊಂದನೇ ಕಲಂ ನೆನಪಾಗಿ ನಗು ನಿಂತಿತು.

ಹನ್ನೊಂದನೇ ಕಲಂ ತಂಬಾಕಿನದು. ತಂಬಾಕು, ಗುಟಕಾ, ಬೀಡಿ, ಸೆರೆ, ಇವುಗಳಲ್ಲಿ ಯಾವುದಾದರೂ ಚಟ ಇದೆಯೇ? ಗಂಡಸರಾದರೆ ಕೇಳಿ ಬರೆಯುತ್ತಿದ್ದೆ. ಹೆಂಗಸರನ್ನು ಕೇಳುತ್ತಿರಲಿಲ್ಲ. ತಾಯಿಯ ವಯಸ್ಸಿನವಳ ಎದುರು ಕೂತು ಬೀಡಿ ಸೇದುತ್ತೀಯಾ, ಸೆರೆ ಕುಡಿಯುತ್ತೀಯಾ ಎಂದು ಕೇಳಿದರೆ ಅವಳು ಸೆರಗು ಕೊಡವಿ ಎದ್ದು ಹೋಗುತ್ತಾಳೆ. ಕೇಳದೆಯೇ ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದು ಬರೆಯುವುದೇ ಮರ್ಯಾದೆ ಎಂದು ನಾನು ತಿಳಿದಿದ್ದೆ. ನಾಲ್ಕು ವರ್ಷದಲ್ಲಿ ಎಷ್ಟು ಹೆಂಗಸರ ಫಾರ್ಮು ತುಂಬಿದ್ದೆನೋ, ಅಷ್ಟರಲ್ಲೂ ದುಂಡನೆಯ ಅಕ್ಷರದಲ್ಲಿ ನಾಲ್ಕು ಇಲ್ಲ. ಅವರಲ್ಲಿ ಮುಕ್ಕಾಲು ಮಂದಿ ಬಾಯಿಂದ ಮಿಸ್ರಿ ಬೆರಳು ತೆಗೆದು, ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದವರು.

ಮಧ್ಯಾಹ್ನ ಶ್ರೀಮಂತನಿಗೆ ಹೇಳಿದೆ. ಅವನು ನಕ್ಕ. ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಬರೆ, ಊರಲ್ಲಿ ಊರಿನ ಉತ್ತರ ಬರೆ, ಮಿಸ್ರಿ ಹಚ್ಚಿ ಸತ್ತವರನ್ನು ತಾನಂತೂ ಕಂಡಿಲ್ಲ ಎಂದ. ನನಗೂ ಅದೇ ಬೇಕಾಗಿತ್ತು. ತಲೆಯಿಂದ ಕಲ್ಲು ಇಳಿಸಿದಂತಾಗಿ ಮನೆಗೆ ಬಂದು ಮುಂದಿನ ಪಾಠ ಓದಿದೆ.

ನಾಲ್ಕು ದಿನ ಕಳೆದಿರಬೇಕು. ಸಗರದ ಲಾಲಮ್ಮ ಸಂತೆಗೆ ಬಂದವಳು ನಮ್ಮ ಮನೆಗೂ ಬಂದಳು. ಲಾಲಮ್ಮ ಕೂಲಿ ಮಾಡುವವಳು, ಗಂಡ ತೀರಿ ಹೋಗಿ ಆರು ವರ್ಷ. ಒಬ್ಬಳೇ ಮಗಳು ಪಂಚಶೀಲಾ ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ತನಗೆ ಏನಾದರೂ ಆದರೆ ಮಗಳ ಓದು ನಿಲ್ಲಬಾರದು ಎಂಬ ಒಂದೇ ಕಾರಣಕ್ಕೆ ಈಕೆ ವಿಮೆ ಮಾಡಿಸಿದ್ದು. ನಾನೇ ಬರೆದ ಫಾರ್ಮು. ವಾರಸುದಾರಳ ಜಾಗದಲ್ಲಿ ಪಂಚಶೀಲಾಳ ಹೆಸರು ಬರೆದಾಗ ಅದನ್ನು ಮೂರು ಸಲ ಓದಿಸಿ ಕೇಳಿದ್ದಳು.

ಊಟದ ಹೊತ್ತಾಗಿತ್ತು, ರೊಟ್ಟಿ ಕೊಟ್ಟೆ. ಲಾಲಮ್ಮ ರೊಟ್ಟಿಯನ್ನು ನೀರಲ್ಲಿ ನೆನೆಸಿ, ಚೂರು ಚೂರು ಮಾಡಿ, ಬಾಯಿಯ ಒಂದು ಬದಿಯಿಂದ ನುಂಗಿದಳು. ಪುಂಡಿಪಲ್ಯವನ್ನು ಮುಟ್ಟಲೇ ಇಲ್ಲ. ನಾನು ಕೆದಕಿ ಕೇಳಿದ ಮೇಲೆ, ಎರಡು ತಿಂಗಳಿಂದ ಖಾರ ತಾಗಿದರೆ ಪ್ರಾಣ ಹೋದಂತಾಗುತ್ತದೆ ಎಂದಳು. ಬಾಯಿ ತೋರಿಸು ಎಂದೆ. ತೆರೆಯಲು ಹೋದಳು, ಎರಡು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಕೆನ್ನೆಯ ಒಳಗೆ, ದಿನಾ ಮಿಸ್ರಿ ಇಡುವ ಜಾಗದಲ್ಲೇ, ಸುಣ್ಣ ಬಳಿದಂತೆ ಬೆಳ್ಳಗಿನ ಪಟ್ಟೆ. ಅದರ ನಡುವೆ ಕೆಂಪಗಿನ ಹುಣ್ಣು. ನಾನು ಡಾಕ್ಟರಲ್ಲ, ಆದರೆ ಅದು ಹಲ್ಲುನೋವಲ್ಲ ಎಂದು ಹೇಳಲು ಡಾಕ್ಟರು ಬೇಕಾಗಿರಲಿಲ್ಲ.

ಅವಳನ್ನು ಬಸ್ಸು ಹತ್ತಿಸಿ ನೇರ ಶ್ರೀಮಂತನ ಆಫೀಸಿಗೆ ಹೋದೆ. ಈ ಸಲ ಅವನು ನಗಲಿಲ್ಲ. ಲಾಲಮ್ಮ ಅವನ ಓಣಿಯವಳು. ಚಿಗವ್ವ ಎಂದು ಕರೆಯುತ್ತಾನೆ, ಚಿಕ್ಕವನಿದ್ದಾಗ ಅವಳ ಕೈಯ ರೊಟ್ಟಿ ತಿಂದವನು. ಎದ್ದು ಬಾಗಿಲು ಮುಂದೆ ಮಾಡಿ, ಕಪಾಟಿನಿಂದ ಅವಳ ಕಾಗದ ತೆಗೆದ. ಪಾಲಿಸಿ ಆಗಿ ಎರಡು ವರ್ಷ ನಾಲ್ಕು ತಿಂಗಳು.

“ಭಾಬಿ, ಇನ್ನ ಎಂಟು ತಿಂಗಳ ಅದ,” ಎಂದ. “ಈಗ ದವಾಖಾನಿಗೆ ಹೋದಳಂದ್ರ ಅವರು ತಂಬಾಕ ಅಂತ ಚೀಟಿ ಮ್ಯಾಲ ಬರೀತಾರ. ಒಮ್ಮಿ ಬರದ್ರು ಅಂದ್ರ ಮುಗೀತು. ನಾಳಿ ಏನರ ಆದ್ರ ಪಂಚಶೀಲಾಗ ಒಂದು ಪೈಸಾ ಬರೂದಿಲ್ಲ. ಎಂಟು ತಿಂಗಳ ಸುಮ್ಮ ಕುಂದ್ರಲಿ. ಮೂರು ವರ್ಷ ದಾಟಲಿ, ಆಮ್ಯಾಲ ನಾನ ಕರಕೊಂಡು ಹೋಗ್ತೀನಿ.”

“ಹುಣ್ಣು ಎಂಟು ತಿಂಗಳ ಕಾಯತದೇನ್ರಿ, ಶ್ರೀಮಂತಣ್ಣ?” ಎಂದೆ.

ಅವನು ಕಾಗದವನ್ನು ಮಡಚಿ ಕಪಾಟಿನಲ್ಲಿಟ್ಟ. ಆಮೇಲೆ, ಹುಣ್ಣು ಹುಣ್ಣೇ ಇರಬಹುದು, ನಾವೇಕೆ ಕೆಟ್ಟದ್ದನ್ನೇ ಯೋಚಿಸಬೇಕು ಎಂದ. ಫಾರ್ಮಿನಲ್ಲಿ ಅಕ್ಷರ ನನ್ನದು, ಸಹಿ ತನ್ನದು. ಅದು ಸುಳ್ಳೆಂದು ಹೊರಗೆ ಬಂದರೆ ತನ್ನ ಕೋಡ್ ಹೋಗುತ್ತದೆ, ನನಗಂತೂ ಕೋಡ್ ಬರುವುದೇ ಇಲ್ಲ ಎಂದೂ ಹೇಳಿದ. ಹೆದರಿಸುವ ದನಿಯಲ್ಲಿ ಹೇಳಿದ್ದರೆ ಜಗಳ ಆಡುತ್ತಿದ್ದೆ. ಅವನು ಬೇಡಿಕೊಳ್ಳುವ ದನಿಯಲ್ಲಿ ಹೇಳಿದ.

ಆಮೇಲಿನ ಹತ್ತು ದಿನ ನಾನು ಹೇಗಿದ್ದೆನೆಂದು ಹೇಳಲು ನಾಚಿಕೆಯಾಗುತ್ತದೆ. ಸುಮ್ಮನಿದ್ದೆ. ಬಿಸಿ ತುಪ್ಪ ಬಾಯಿಗೆ ಬಿದ್ದವರ ಹಾಗೆ, ನುಂಗಲೂ ಇಲ್ಲ, ಉಗುಳಲೂ ಇಲ್ಲ. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಹಾಳೆ ತಿರುವಿದರೆ ಲಾಲಮ್ಮನ ಕೆನ್ನೆ ಕಾಣುತ್ತಿತ್ತು. ಮಿಸ್ರಿ ಬಿಟ್ಟೆ, ತಲೆನೋವು ಹತ್ತಿತು, ಫಿರೋಜನ ಮೇಲೆ ಕಾರಣವಿಲ್ಲದೆ ಹರಿಹಾಯ್ದೆ. ಅವನು ಪರೀಕ್ಷೆಯ ಹೆದರಿಕೆ ಎಂದು ತಿಳಿದು, ನಪಾಸಾದರೂ ಅಡ್ಡಿಯಿಲ್ಲ ಎಂದು ಸಮಾಧಾನ ಹೇಳಿದ. ಪಾಸಾಗುವುದೇ ನನ್ನ ಹೆದರಿಕೆ ಎಂದು ಅವನಿಗೆ ಹೇಗೆ ಹೇಳಲಿ? ನಿಜ ಹೇಳಿದರೆ ಪಂಚಶೀಲಾಳ ಆಸರೆ ಹೋಗುತ್ತದೆ, ನನ್ನ ನಂಬರೂ ಹೋಗುತ್ತದೆ. ಹೇಳದಿದ್ದರೆ ಲಾಲಮ್ಮನೇ ಹೋಗಬಹುದು. ಇದನ್ನು ತೂಗಲು ನನಗೆ ಹತ್ತು ದಿನ ಬೇಕಾಯಿತಲ್ಲ ಎಂಬ ಸಿಟ್ಟು ಈಗಲೂ ನನ್ನ ಮೇಲೆ ನನಗಿದೆ.

ಕಡೆಗೆ ಒಂದು ಜಾಣ ದಾರಿ ಹುಡುಕಿದೆ. ಜಾಣ ಎಂದೆನೇ? ಹೇಡಿಯ ದಾರಿ. ಹೇಗೂ ಪರೀಕ್ಷೆಗೆ ಕಲಬುರಗಿಗೆ ಹೋಗಬೇಕು. ಅಂದೇ ಲಾಲಮ್ಮನನ್ನೂ ಕರೆದುಕೊಂಡು ಹೋಗಿ, ಪರೀಕ್ಷೆ ಮುಗಿಸಿ, ದೊಡ್ಡ ದವಾಖಾನೆಗೆ ತೋರಿಸುವುದು. ಮರುದಿನವೇ ಕರೆದೊಯ್ಯಬಹುದಿತ್ತು. ಆದರೆ ಪರೀಕ್ಷೆ ಬಿಟ್ಟುಕೊಡುವ ಧೈರ್ಯ ನನಗಿರಲಿಲ್ಲ. ಸಗರಕ್ಕೆ ಹೋಗಿ ಲಾಲಮ್ಮನಿಗೆ ಇಷ್ಟೇ ಹೇಳಿದೆ: ನನಗೆ ಜೊತೆಗೆ ಒಬ್ಬರು ಬೇಕು, ಹಾಗೆಯೇ ನಿನ್ನ ಬಾಯಿಯನ್ನೂ ತೋರಿಸೋಣ. ಅವಳು ಒಪ್ಪಿದಳು. ನಾನು ಹೊರಟು ಬಂದ ಮೇಲೆ ಶ್ರೀಮಂತನೂ ಅವಳ ಮನೆಗೆ ಹೋಗಿದ್ದ. ಅದು ನನಗೆ ಗೊತ್ತಿರಲಿಲ್ಲ.

ಅಂದು ಬೆಳಿಗ್ಗೆ ಆರರ ಬಸ್ಸು. ಇಬ್ಬರೂ ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡು ಕೂತೆವು. ನಾನು ಪುಸ್ತಕದ ಕೊನೆಯ ಹಾಳೆಗಳನ್ನು ತಿರುವುತ್ತಿದ್ದೆ. ಲಾಲಮ್ಮ ಕಿಟಕಿಯ ಕಡೆ ಮುಖ ಮಾಡಿ, ಸೆರಗಿನ ಮರೆಯಲ್ಲಿ ತುಟಿ ಆಡಿಸುತ್ತಿದ್ದಳು. ದಿನಾ ಹೇಳುವ ಬುದ್ಧವಂದನೆಯನ್ನು ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಸುಮ್ಮನಾದೆ. ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆ ಬಂದರೂ ಅವಳ ತುಟಿ ನಿಂತಿರಲಿಲ್ಲ.

ಪರೀಕ್ಷೆಯ ಕಟ್ಟಡದ ಮೆಟ್ಟಿಲ ಮೇಲೆ ಅವಳನ್ನು ಕೂಡಿಸಿ ಒಳಗೆ ಹೋದೆ. ಕಂಪ್ಯೂಟರಿನಲ್ಲಿ ಒಂದೊಂದೇ ಪ್ರಶ್ನೆ ಬಂತು. ಮುಚ್ಚಿಟ್ಟ ಸಂಗತಿಯ ಬಗ್ಗೆ ಒಂದಲ್ಲ, ಮೂರು ಪ್ರಶ್ನೆ ಇದ್ದವು. ಮೂರಕ್ಕೂ ಸರಿಯುತ್ತರ ಒತ್ತಿದೆ. ಬೆರಳು ಒಮ್ಮೆಯೂ ನಡುಗಲಿಲ್ಲ. ಅದೇ ನನಗೆ ಅಸಹ್ಯವಾಯಿತು. ಮುಗಿದ ಕೂಡಲೇ ಅಂಕ ಕಂಡಿತು. ಐವತ್ತಕ್ಕೆ ಮೂವತ್ತೊಂಬತ್ತು. ಹೊರಗೆ ಬಂದು ಹೇಳಿದಾಗ ಲಾಲಮ್ಮ ನನ್ನ ಎರಡೂ ಕೆನ್ನೆ ಸವರಿ ಲಟಿಕೆ ಮುರಿದಳು. ಗಂಟಿನಿಂದ ಬೆಲ್ಲ ತೆಗೆದು ನನ್ನ ಬಾಯಿಗೆ ಹಾಕಿದಳು. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಆ ಬೆಲ್ಲ ನನಗೆ ಇಳಿಯಲಿಲ್ಲ.

ದವಾಖಾನೆಯಲ್ಲಿ ಎರಡು ತಾಸು ಪಾಳಿ. ಒಳಗೆ ಕರೆದಾಗ ಮೂರು ಗಂಟೆ. ಡಾಕ್ಟರು ನನಗಿಂತ ಚಿಕ್ಕವಳು, ಮಾತು ನಮ್ಮ ಕಡೆಯದೇ. ಬ್ಯಾಟರಿ ಹಾಕಿ ಲಾಲಮ್ಮನ ಬಾಯಿ ನೋಡಿದಳು. ಕೈಗೆ ಗವಸು ತೊಟ್ಟು ಕೆನ್ನೆ ಒತ್ತಿದಳು, ಕುತ್ತಿಗೆ ಮುಟ್ಟಿ ನೋಡಿದಳು. ಕೂತು, ಚೀಟಿ ಎಳೆದುಕೊಂಡು, ಪೆನ್ನು ಹಿಡಿದು, ತಂಬಾಕಿನ ಚಟ ಏನಾದರೂ ಇದೆಯೇ ಎಂದು ಕೇಳಿದಳು.

ಲಾಲಮ್ಮ ಬೆನ್ನು ನೆಟ್ಟಗೆ ಮಾಡಿದಳು.

“ಇಲ್ರಿ. ತಂಬಾಕ ಇಲ್ಲ, ಗುಟಕಾ ಇಲ್ಲ, ಬೀಡಿ ಇಲ್ಲ, ಸೆರಿ ಇಲ್ಲ.”

ಒಂದೂ ಹಿಂದೆ ಮುಂದೆ ಆಗದ ಹಾಗೆ, ನನ್ನ ಹನ್ನೊಂದನೇ ಕಲಮಿನ ಸಾಲಿನಲ್ಲೇ ಹೇಳಿದಳು. ಬಸ್ಸಿನಲ್ಲಿ ತುಟಿ ಆಡಿದ್ದು ಯಾಕೆಂದು ಆಗ ತಿಳಿಯಿತು. ನಾನು ನನ್ನ ಪಾಠ ಓದುತ್ತಿದ್ದಾಗ ಅವಳು ಪಕ್ಕದಲ್ಲೇ ಕೂತು ಶ್ರೀಮಂತ ಕಲಿಸಿದ ಪಾಠ ಓದಿಕೊಂಡಿದ್ದಳು. ಹೇಳಿ ಮುಗಿಸಿ ನನ್ನತ್ತ ತಿರುಗಿದಳು. ತೆರೆಯದ ಆ ಬಾಯಲ್ಲೇ ಸಣ್ಣಗೆ ನಕ್ಕಳು, ಸರಿ ಹೇಳಿದೆನೇ ಎಂಬಂತೆ.

ಡಾಕ್ಟರು ಬರೆಯಲು ಬಗ್ಗಿದಳು. ಈ ಹೆಣ್ಣುಮಗಳು ನನ್ನ ಒಂದು ಸುಳ್ಳನ್ನು ಕಾಪಾಡಲು ಹುಣ್ಣಿನ ಬಾಯಲ್ಲಿ ಅದನ್ನು ಉರು ಹೊಡೆದಿದ್ದಾಳೆ ಎಂಬುದು ನನ್ನ ಎದೆಗೆ ಗುದ್ದಿತು.

“ಮಿಸ್ರಿ ಹಚ್ಚತಾರ್ರಿ,” ಎಂದೆ. “ಮೂವತ್ತು ವರ್ಷ ಆತು. ದಿನಾ ಮೂರು ಸಲ.”

ಡಾಕ್ಟರು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಅದನ್ನೇ ಬರೆದಳು. ನಾಳೆ ಬೆಳಿಗ್ಗೆ ಹುಣ್ಣಿನ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು, ಇಲ್ಲೇ ಉಳಿಯಿರಿ ಎಂದಳು. ಏನೆಂದು ಈಗಲೇ ಹೇಳಲಾಗದು, ಆದರೆ ಇನ್ನು ಒಂದು ದಿನವೂ ತಡ ಮಾಡಬೇಡಿ ಎಂದಳು. ಅವಳ ಮುಖ ನೋಡಿದರೆ ಹೇಳದಿದ್ದದ್ದೂ ತಿಳಿಯುತ್ತಿತ್ತು.

ಹೊರಗಿನ ಬೆಂಚಿನ ಮೇಲೆ ಕೂತು ಲಾಲಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ನಾ ಬರಾಬರಿ ಹೇಳಿದ್ನಲ್ಲವ್ವ. ನೀ ಪಾಸಾದಿ. ನನ್ನ ಯಾಕ ಫೇಲ್ ಮಾಡಿದಿ?”

ಅವಳಿಗೆ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ನಾನು ಅಲ್ಲಿಯೇ ಅತ್ತುಬಿಟ್ಟೆ, ಬಂದು ಹೋಗುವವರು ನೋಡಿದರೂ ಅಳು ನಿಲ್ಲಿಸಲಿಲ್ಲ. ಫೇಲಾದವಳು ನೀನಲ್ಲ, ನಾನು. ಎರಡು ವರ್ಷ ನಾಲ್ಕು ತಿಂಗಳ ಹಿಂದೆಯೇ, ನಿನ್ನ ಎದುರು ಕೂತು ನಿನ್ನನ್ನು ಕೇಳದೆ ಬರೆದಾಗಲೇ ಎಂದು ಹೇಳಿದೆ. ಈ ಚೀಟಿಯಿಂದ ಪಾಲಿಸಿ ಉಳಿಯಲಿಕ್ಕಿಲ್ಲ ಎಂದೂ ಹೇಳಿದೆ. ಪಂಚಶೀಲಾಳ ಹೆಸರು ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ತೆರೆದು, ಅವಳಿಗೆ ಫೋನ್ ಮಾಡು, ನಾಳೆ ಬರಲಿ ಎಂದಳು. ಮಗಳು ನರ್ಸು ಕಲಿಯುತ್ತಿರುವುದು ಮತ್ತಿನ್ಯಾವುದಕ್ಕೆ ಎಂದೂ ಅಂದಳು.

ನಾನು ಪರೀಕ್ಷೆಯ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದೆ. ಮೇಲೆ ಕಂಪನಿಯ ಸಾಹೇಬರಿಗೆ ಎಂದು ಬರೆದು, ಲಾಲಮ್ಮನ ಪಾಲಿಸಿ ನಂಬರು ಬರೆದು, ಈ ಫಾರ್ಮನ್ನು ತುಂಬಿದವಳು ಅಂಬರೀನ ಎಂಬ ನಾನು, ಹನ್ನೊಂದನೇ ಕಲಮಿನಲ್ಲಿ ತಪ್ಪು ಬರೆದದ್ದು ನಾನೇ ಹೊರತು ಅವಳಲ್ಲ ಎಂದು ಬರೆದೆ. ಅಕ್ಷರ ಅದೇ ದುಂಡಗೆ ಬಂತು. ನಂಬರಿಗಾಗಿ ಕಾದ ನಾಲ್ಕು ವರ್ಷ ಕಣ್ಣ ಮುಂದೆ ಬಂದು ಕೈ ಒಮ್ಮೆ ನಿಂತಿತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆಮೇಲೆ ಕಲಮನ್ನು ಹೊಸದಾಗಿ ಬರೆದು ಅವಳ ಕಡೆ ತಿರುಗಿದೆ.

“ಯವ್ವ, ಮಿಸ್ರಿ ಹಚ್ಚತೀ?”

“ನಿನಗ ಗೊತ್ತಿಲ್ಲೇನು?”

“ಗೊತ್ತದ. ಆದ್ರೂ ಕೇಳಬೇಕು.”

ಲಾಲಮ್ಮ ನೋಯುವ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು.

“ಹಚ್ಚತೀನಿ, ಬರಿ,” ಎಂದಳು. ನಾನು ಬರೆದೆ.